ಬೆಂಚಿನ ಲೆಕ್ಕ

ಈ ಊರನ್ನು ನಾನು ಮೈಲಿಯಲ್ಲಿ ಅಳೆಯುವುದಿಲ್ಲ.
ಮನೆಯಿಂದ ಅಂಚೆಕಚೇರಿಗೆ ಮೂರು ಬೆಂಚು,
ಔಷಧದಂಗಡಿಗೆ ನಾಲ್ಕು,
ಮೀನು ಕರಿಯುವವನ ತನಕ ಆರು.
ಅಲ್ಲಿಗೆ ಹೋದರೆ ಮರಳಿ ಬರುವುದು
ನೀಲಗಂಗಾ ಕಾರು ತಂದರೆ ಮಾತ್ರ.

ಮೋರ್ಕಮ್. ಕಡಲೂರು ಎನ್ನುತ್ತಾರೆ, ಆದರೆ ಕಡಲು
ಅರ್ಧ ದಿನ ಮನೆಯಲ್ಲಿರುವುದಿಲ್ಲ.
ಅದು ಹೋದ ಮೇಲೆ ಕೆಸರು ಹೊಳೆಯುತ್ತ ಬಿದ್ದಿರುತ್ತದೆ,
ಗಂಜಿ ಹಚ್ಚಿ ಒಣಗಲು ಬಿಟ್ಟ ಹಾಸಿನ ಹಾಗೆ.
ಬರುವಾಗ ಯಾರಿಗೂ ಹೇಳದೆ, ಬೆನ್ನ ಹಿಂದಿನಿಂದ.
ನನ್ನ ನೋವೂ ಹಾಗೆ ಬಂದು ಹೋಗುತ್ತದೆ
ಎಂದು ಬರೆದರೆ ಚೆಂದ. ಅದು ಸುಳ್ಳು.
ನನ್ನದು ಎಲ್ಲಿಗೂ ಹೋಗುವುದೇ ಇಲ್ಲ.

ಅದು ಲಾಳಿ. ಸೊಂಟದಿಂದ ಹಿಮ್ಮಡಿಗೆ,
ಹಿಮ್ಮಡಿಯಿಂದ ಸೊಂಟಕ್ಕೆ,
ಎಡಗಾಲಿನೊಳಗೆ ಹಗಲು ಪಾಳಿ, ರಾತ್ರಿ ಪಾಳಿ.
ಗುಳೇದಗುಡ್ಡದ ಕುಣಿಮಗ್ಗದಲ್ಲಿ ಅಪ್ಪನ ಪಕ್ಕ ಹನ್ನೊಂದು ವರ್ಷ,
ಆಮೇಲೆ ನೆಲ್ಸನ್ನಿನ ಗಿರಣಿ, ಗಿರಣಿ ಮುಚ್ಚಿದ ಮೇಲೆ
ಬಿಸ್ಕೀಟು ಕಾರ್ಖಾನೆಯಲ್ಲಿ ನಿಂತೇ ಇಪ್ಪತ್ತಾರು ವರ್ಷ.
ಲಾಳಿಯ ಸದ್ದು ನನಗೆ ಗೊತ್ತಾಗದೇ?
ಏನು ನೇಯುತ್ತಿದೆಯೋ, ಅದಷ್ಟೇ ಗೊತ್ತಿಲ್ಲ.

ಡಾಕ್ಟರು ಕೇಳುತ್ತಾಳೆ: ಹತ್ತಕ್ಕೆ ಎಷ್ಟು?
ಸೆಳೆತ ಎನ್ನಲೇ, ಚಳಕು ಎನ್ನಲೇ, ಜೋಮು ಎನ್ನಲೇ,
ಆರು ಎನ್ನುತ್ತೇನೆ. ಯಾರಿಗೂ ತೊಂದರೆ ಕೊಡದ ಅಂಕಿ.
ಏಳೆಂದರೆ ಹೊಸ ಗುಳಿಗೆ,
ಐದೆಂದರೆ ಮೂರು ತಿಂಗಳು ಬಿಟ್ಟು ಬಾ.

ಭಾನುವಾರ ತಂಗಿಯ ಫೋನು. "ಆರಾಮ ಅದಿಯೇನಣ್ಣಾ?"
"ಆರಾಮ."
ಆ ಮಾತೂ ಒಂದು ಬೆಂಚೇ.
ಇಬ್ಬರೂ ಚೂರು ಕೂತು ಏಳುತ್ತೇವೆ.

ಇಲ್ಲಿಯ ಬೆಂಚುಗಳಿಗೆ ಹೆಸರಿವೆ, ಹಿತ್ತಾಳೆ ತಗಡಿನ ಮೇಲೆ.
ಮೊದಲನೆಯದು ಆಲ್ಬರ್ಟ್ ಗ್ರಿಮ್‌ಶಾ: ಈ ನೋಟ ಅವರಿಗೆ ಪ್ರಿಯವಾಗಿತ್ತು.
ಎರಡನೆಯದು ಹಿಲ್ಡಾ ಮತ್ತು ಅವಳ ನಾಯಿ.
ಮೂರನೆಯವರ ಹೆಸರನ್ನು ಉಪ್ಪುಗಾಳಿ ತಿಂದಿದೆ.
ಅವರಲ್ಲೇ ನಾನು ಹೆಚ್ಚು ಹೊತ್ತು ಕೂರುವುದು,
ಪರಿಚಯ ಹೇಳಬೇಕಿಲ್ಲ.
ಸತ್ತವರ ತೊಡೆಯ ಮೇಲೆ ಕೂತು ಕೂತು
ಬದುಕುವ ಗುಳಿಗೆ ತರುತ್ತೇನೆ.
"ನಂದೊಂದು ಹಾಕಸಬ್ಯಾಡ" ಎಂದರೆ
"ರೊಕ್ಕ ಎಲ್ಲೈತಿ" ಎನ್ನುತ್ತಾಳೆ ನೀಲಗಂಗಾ, ರೊಟ್ಟಿ ಮಗುಚುತ್ತ.

ಬಿರುಗಾಳಿ ಕಳೆದ ಮಂಗಳವಾರ
ನಾಲ್ಕನೆಯ ಬೆಂಚು ಇರಲಿಲ್ಲ.
ನಾಲ್ಕು ತೂತು, ಒಂದು ಕಿತ್ತಳೆ ಬಣ್ಣದ ಕೋನು.
ಹಿಂದಕ್ಕೆ ಕಾಲು ಒಪ್ಪಲಿಲ್ಲ, ಮುಂದಕ್ಕೂ.
ಕಂಬಿ ಹಿಡಿದು ನಿಂತೆ, ನೋಟ ನೋಡಲು ಬಂದವನಂತೆ.
ಹಾದುಹೋದವರೆಲ್ಲ ಎಂಥ ಚೆಂದ ದಿನ ಎಂದರು. ಹೌದು ಎಂದೆ.
ಆಚೆ ದಂಡೆಯ ಗುಡ್ಡಗಳ ಮೇಲೆ ಹಿಮವಿತ್ತು.
ನಾನು ಬೆವರುತ್ತಿದ್ದೆ.

ಒಬ್ಬಳು ಮುದುಕಿ (ನಾನೇನು ಹುಡುಗನೇ)
ನಾಲ್ಕು ಗಾಲಿಯ ಊರುಬಂಡಿ ತಳ್ಳುತ್ತ ಬಂದಳು.
ಮುಖ ನೋಡಲಿಲ್ಲ, ನನ್ನ ಮೊಣಕಾಲು ನೋಡಿದಳು.
ಬ್ರೇಕು ಹಾಕಿದಳು. ಹಲಗೆ ಇಳಿಸಿದಳು.
ತಾನು ಕಂಬಿಗೆ ಆತುಕೊಂಡು "ಕೂಡಪ್ಪಾ" ಎಂದಳು,
ಇಂಗ್ಲಿಷಿನಲ್ಲೇ, ನನಗೆ ಕೇಳಿಸಿದ್ದು ಹಾಗೆ.
ಹೆಸರು ಡೋರೀನ್. ಪೆಪ್ಪರಮೆಂಟು ಕೊಟ್ಟಳು.
ನೀರಿಲ್ಲದ ಕಡಲನ್ನು ಇಬ್ಬರೂ ನೋಡಿದೆವು,
ಬಸ್ಸು ತಡವಾದವರ ಹಾಗೆ.
"ಎಷ್ಟು?" ಎಂದಳು, ಕಾಲು ತೋರಿಸಿ.
"ಎಂಟು" ಎಂದೆ.
ನಿಜ ಹೇಳಿದ್ದಕ್ಕೆ ನನಗೇ ನಾಚಿಕೆಯಾಯಿತು.
"ನಂದೂ" ಎಂದಳು.

ಈಗ ನನ್ನದೂ ಒಂದಿದೆ.
ಕಪ್ಪು ಸಾಕು ಎಂದೆ, ನೀಲಗಂಗಾ ಕೆಂಪು ತರಿಸಿದಳು,
ಕೈ ಜಾರದಿರಲೆಂದು ಹಿಡಿಕೆಗೆ ಹಳೆಯ ಖಣದ ಚೂರು ಸುತ್ತಿದಳು.
ತಗಡಿಲ್ಲದ ಬೆಂಚು, ನನ್ನ ಮುಂದೆ ಮುಂದೆ ಹೋಗುತ್ತದೆ.
ಎಡಗಡೆಯ ಬ್ರೇಕು ಮಾತ್ರ ಸರಿಯಿಲ್ಲ.
ನಿನ್ನೆ ಗಾಳಿಗೆ ತಾನೇ ಎರಡು ಮಾರು ಉರುಳಿತು, ಕಡಲ ಕಡೆಗೆ.
"ಏ, ನಿಲ್ಲಲೇ" ಎಂದು ಕೂಗಿದೆ, ದಾರಿಯವರೆಲ್ಲ ತಿರುಗುವಂತೆ.
ನಿಂತಿತು. ಕಂಬಿಗೆ ಹಾಯ್ದು.