ಯಾರೂ ಹಿಡಿಯದ ಹೆಸರು

ತೆಲಾವಿ ಊರಿನ ಇಳಿಜಾರಿನಲ್ಲಿ
ಬತ್ತಿದ ಕಾರಂಜಿ ದಾಟಿದ ಮೇಲೆ
ಬೆಳಗಿನ ಐದಕ್ಕೇ ಹೊಗೆಯಾಡುವ ಒಂದು ನೀಲಿ ಬಾಗಿಲು.
ಒಳಗೆ ಎದೆಯೆತ್ತರದ ಮಣ್ಣಿನ ಒಲೆ;
ಸೊಂಟದ ತನಕ ಅದರೊಳಕ್ಕೆ ಬಗ್ಗಿ
ಹಿಟ್ಟನ್ನು ಗೋಡೆಗೆ ಬಡಿಯುತ್ತಾಳೆ ತ್ಸಿಯಾಲಾ.
ಅರವತ್ತೊಂದು ವರ್ಷ. ಮುಂಗೈಯಲ್ಲಿ ಒಂದೂ ಕೂದಲಿಲ್ಲ.

ಮೂಟೆಯ ಮೇಲೆ ತಂಗಿಯ ಮಗ ತೋರ್ನಿಕೆ,
ಮೊಬೈಲಿನ ತುಂಬ ಹಿಟ್ಟಿನ ಹೆಬ್ಬೆಟ್ಟು.
"ಸೈಟಿಗೊಂದು ಹೆಸರು ಹೇಳು ದೊಡ್ಡಮ್ಮ,
ದ್ರಾಕ್ಷಿ ಕೊಯ್ಲಿಗೆ ಬರುವ ಪರದೇಶಿಗಳು
ಹುಡುಕಿದರೆ ನೀನು ಸಿಗಬೇಕಲ್ಲ."
"ಹೊಗೆ ನೋಡಿಕೊಂಡು ಬರಲಿ."
"ಹೊಗೆಗೆ ಡಾಟ್ ಕಾಮ್ ಇಲ್ಲ."

ಮೊದಲು ಕೊಟ್ಟದ್ದು ಒಲೆಯದೇ ಹೆಸರು: ತೋನೆ.
ಇಂಗ್ಲಿಷಿನ ಕಣ್ಣಿಗೆ ಅದೇ ನಾಲ್ಕಕ್ಷರ ಬೇರೇನೋ ಆಗಿ
ಅಲ್ಲಿ ಯಾವುದೋ ಕಂಪನಿ
ಕಿವಿಗೆ ಸಿಕ್ಕಿಸುವ ಗುಂಡಿಗಳನ್ನು ಮಾರುತ್ತ ಕೂತಿತ್ತು.
"ಹಾಳಾಗಲಿ, ಪುರಿ ಅಂತ ಹಾಕು."
ಪುರಿ ಅಂದರೆ ಅವಳಿಗೆ ರೊಟ್ಟಿ, ಬರೀ ರೊಟ್ಟಿ.
ಅದನ್ನೂ ಹಿಡಿದಿತ್ತು ಭಾರತದ ಕಡಲತೀರದ ಒಂದು ಹೋಟೆಲು.
ನಾವು ಎಣ್ಣೆಯಲ್ಲಿ ಉಬ್ಬಿಸುವುದೂ ಅದೇ ಹೆಸರಿನದು
ಎಂದು ಅವಳಿಗೆ ಹೇಳುವವರು ಯಾರು.

ದ್ರಾಕ್ಷಿಗೆ ಅವರಲ್ಲೊಂದು ಮಾತಿದೆ,
ಗಂಟಲ ತಳದಿಂದ ಕಿತ್ತುಕೊಂಡು ಬರುತ್ತದೆ.
ಬರೆದರೆ ನಮ್ಮ ಅಕ್ಷರದಂತೆಯೇ ದುಂಡಗೆ, ಬಳ್ಳಿಕುಡಿಯ ಹಾಗೆ.
ತೋರ್ನಿಕೆ ಅದಕ್ಕೆ ಕ್ಯೂ ಹಾಕಿದ, ಕೆ ಹಾಕಿದ,
ಎರಡೆರಡು ಕೆ ಹಾಕಿದ.
ಓದಿದರೆ ಯಾರಿಗೋ ಕೆಮ್ಮು ಹತ್ತಿದಂತಿತ್ತು.
ಆ ಕೆಮ್ಮೂ ಖಾಲಿ ಇರಲಿಲ್ಲ.

ನೀಲಿ ಬಾಗಿಲು? ಬಣ್ಣದಂಗಡಿಯವನದು.
ಬಿಸಿ ರೊಟ್ಟಿ? ಸಿಗುತ್ತದೆ,
ಎರಡು ಸಾವಿರದ ಎಂಟುನೂರು ಡಾಲರು.
ತೆರೆದು ನೋಡಿದರೆ ಒಳಗೆ ರೊಟ್ಟಿಯಿಲ್ಲ, ಬೆಂಕಿಯಿಲ್ಲ,
'ಈ ಹೆಸರು ಮಾರಾಟಕ್ಕಿದೆ', ಅಷ್ಟೇ.
"ಒಲೆ ಕಟ್ಟಿಸಿ ಉರಿ ಹಾಕದೆ ಕೂತಿದ್ದಾನಲ್ಲ"
ಎಂದು ಉಗುಳಲು ಹೋಗಿ
ಎದುರಿಗೆ ಹಿಟ್ಟು ಕಂಡು ನುಂಗಿಕೊಂಡಳು.

"ಹೆಸರು ಮುಗಿದುಹೋಗುವುದು ಅಂದರೇನೋ?
ನಮ್ಮ ಓಣಿಯಲ್ಲಿ ನಾಲ್ಕು ಜನ ಗುಲಿಕೊ ಇದ್ದರು.
ಕುಂಟ ಗುಲಿಕೊ, ಅಕ್ರೋಟಿನ ಮರದ ಗುಲಿಕೊ,
ಪೋಸ್ಟಾಫೀಸಿನ ಗುಲಿಕೊ,
ಮತ್ತೆ ಬರೀ ಗುಲಿಕೊ.
ಅವಳಿಗೆ ಏನೂ ಸೇರಿಸಬೇಕಿರಲಿಲ್ಲ, ಅಂಥ ಚೆಲುವೆ.
ಒಬ್ಬಳಿದ್ದಾಳೆಂದು ಇನ್ನೊಬ್ಬಳನ್ನು
ತೊಟ್ಟಿಲಿಂದ ವಾಪಸು ಕಳಿಸಿದ್ದಿಲ್ಲ."

ಅಷ್ಟರಲ್ಲಿ ಕಿಟಕಿಯ ಹತ್ತಿರ ಒಬ್ಬ ಹುಡುಗ,
ಕಂಕುಳಲ್ಲಿ ಎರಡು ರೊಟ್ಟಿ, ಕಿವಿಯಲ್ಲಿ ಫೋನು:
"ಎಲ್ಲೂ ಹೋಗಿಲ್ಲಮ್ಮ, ತ್ಸಿಯಾಲಾಸ್ತಾನ್."
ತ್ಸಿಯಾಲಾಳ ಹತ್ತಿರ ಇದ್ದೇನೆ, ಎಂದು.
ಅವರ ಮಾತಿನಲ್ಲಿ 'ಹತ್ತಿರ' ಎಂಬುದು
ಹೆಸರಿನ ಬಾಲಕ್ಕೇ ಅಂಟಿಕೊಳ್ಳುತ್ತದೆ.

ತೋರ್ನಿಕೆಯ ಹೆಬ್ಬೆಟ್ಟು ನಿಂತಿತು. ಒತ್ತಿತು.
ಹಸಿರು ಗುರುತು. ಲಭ್ಯವಿದೆ.
"ದೊಡ್ಡಮ್ಮ, ನೀನೊಂದು ದೇಶವಾದೆ!
ಉಜ್ಬೆಕಿಸ್ತಾನ್, ಕಜಾಕಿಸ್ತಾನ್, ತ್ಸಿಯಾಲಾಸ್ತಾನ್!"
"ಸೈನ್ಯ ಇದೆಯೇನೋ ನನಗೆ?"
"ಇಬ್ಬರು. ನಾನು, ಬೆಕ್ಕು."

ವರ್ಷದ ಬಾಡಿಗೆ ಮಾತ್ರ, ಕೊಳ್ಳುವಂತಿಲ್ಲ ಎಂದಾಗ
ಅವಳಿಗೆ ಆಶ್ಚರ್ಯವಾಗಲಿಲ್ಲ, ಅಂಗಡಿಯೂ ಹಾಗೇ.
ಏಪ್ರನ್ನಿಗೆ ಕೈ ಒರೆಸಿ, ಕಾರ್ಡನ್ನು ದೂರ ಹಿಡಿದು
ಅಂಕಿ ಓದಿದಳು. ಕೊನೆಯ ಮೂರು ಉಳಿದಿದ್ದಾಗ
ಒಲೆಯಿಂದ ಸೀದ ವಾಸನೆ.
ಓಡಿದಳು. ಕೊಕ್ಕೆ ಇಳಿಬಿಟ್ಟು ಏಳನ್ನು ಉಳಿಸಿದಳು,
ಎರಡು ಕೆಂಡಕ್ಕೆ ಬಿದ್ದವು.

ತಿರುಗಿ ಬಂದಾಗ ಪರದೆಯ ಮೇಲೆ: ಸಮಯ ಮೀರಿದೆ.
"ಹೋಯಿತೇನೋ? ಯಾರಾದರೂ ತಗೊಂಡರೇ?"
ಅವಳ ದನಿ ಅಷ್ಟು ಸಣ್ಣಗಾದದ್ದನ್ನು
ತೋರ್ನಿಕೆ ಕೇಳಿರಲಿಲ್ಲ ಹಿಂದೆ.
ಮತ್ತೆ ಒತ್ತಿ ನೋಡಿ ನಕ್ಕ:
"ಇಲ್ಲೇ ಇದೆ. ಯಾರು ತಗೊಳ್ತಾರೆ ಇದನ್ನ?"

ಅವಳೂ ನಕ್ಕಳು.
ನಕ್ಕು, ಸೀದ ರೊಟ್ಟಿಯ ಅಂಚು ಮುರಿದು
ಬಾಯಿಗೆ ಹಾಕಿಕೊಂಡು, ಸ್ವಲ್ಪ ಹೊತ್ತು
ಏನೂ ಮಾತಾಡದೆ ಅಗಿದಳು.
ಆಮೇಲೆ, "ಓದಲೇ? ಬರಕೋ.
ಐದು, ಸೊನ್ನೆ..."