ಹಗುರ

ಭಟ್ಟಿ ಲೇಔಟಿನ ಮೂರನೇ ಅಡ್ಡರಸ್ತೆ. ಬೆಳಗಿನ ಏಳಕ್ಕೆ
ಹೊಗೆ ಇನ್ನೂ ನೆಲ ಬಿಟ್ಟಿರಲಿಲ್ಲ.
ನನ್ನ ಕೈಯಲ್ಲಿ ಇಲಾಖೆಯ ನಮೂನೆ: ಶಾಲೆಯಿಂದ ಹೊರಗುಳಿದ ಮಕ್ಕಳು,
ಮನೆ ನಂಬರು, ಹೆಸರು, ವಯಸ್ಸು, ಕಾರಣ.
ಕಾರಣಕ್ಕೆ ಒಂದೂವರೆ ಇಂಚು ಜಾಗ.

ಎದುರಿಗೆ ಒಂದು ಚೀಲ ನಡೆದು ಬಂತು.
ಕೆಳಗೆ ಎರಡು ಕಾಲು, ಮೊಣಕಾಲವರೆಗೆ ಹೊಟ್ಟಿನ ಬೂದಿ.
ಚೀಲ ಇಳಿದ ಮೇಲೆ ಮುಬೀನಾ ಕಂಡಳು.

ವಯಸ್ಸು?
"ಹದ್ನಾಕು ಟೀಚರ್."
ಕೇಳಿ ಮುಗಿಸುವ ಮೊದಲೇ, ಮಗ್ಗಿಯ ಹಾಗೆ.
ಹೋದ ವರ್ಷದ ಹಾಳೆಯಲ್ಲೂ ಹದಿನಾಲ್ಕೇ ಇತ್ತು, ನನ್ನದೇ ಅಕ್ಷರ.
ಈ ಓಣಿಯಲ್ಲಿ ಮಕ್ಕಳು ಹುಟ್ಟುವುದೇ ಹದಿನಾಲ್ಕಕ್ಕೆ.
ನಕ್ಕರೆ ಕೋರೆಹಲ್ಲಿನ ಜಾಗ ಖಾಲಿ,
ಹೊಸದು ಅಕ್ಕಿಕಾಳಿನಷ್ಟು ಇಣುಕಿದೆ.

ನಮ್ಮ ಕಾಲದ ಹೆಡ್‌ಮಾಸ್ತರರು ಆರು ವರ್ಷವನ್ನು
ಮಗುವಿನ ಕೈಯಿಂದಲೇ ಅಳೆಯುತ್ತಿದ್ದರು:
ಬಲಗೈ ನೆತ್ತಿ ದಾಟಿ ಎಡಗಿವಿ ಮುಟ್ಟಿತೋ, ಒಳಗೆ ಬಾ.
ಹದಿನಾಲ್ಕಕ್ಕೆ ಅಂಥ ಅಳತೆ ಇಲ್ಲ.
ಆದರೂ ಮುಬೀನಾಳ ಕೈ ನೆತ್ತಿಯ ಮೇಲೇ ಇರುತ್ತದೆ
ದಿನವಿಡೀ, ಚೀಲ ಹಿಡಿದು.

ತರಬೇತಿಯಲ್ಲಿ ಬರೆದುಕೊಂಡದ್ದು ನೆನಪಿದೆ.
ಇಪ್ಪತ್ತೊಂದು, ಇಪ್ಪತ್ತೆರಡನೇ ವಿಧಿಗಳ ನಡುವೆ
ಇಪ್ಪತ್ತೊಂದು-ಎ, ಐವತ್ತು ವರ್ಷ ತಡವಾಗಿ ಬಂದು
ಬೆಂಚಿನ ಸಂದಿಯಲ್ಲಿ ಒತ್ತಿಕೊಂಡು ಕೂತ ಹುಡುಗ.
ಇಪ್ಪತ್ತನಾಲ್ಕು ಮೊದಲಿನಿಂದಲೂ ಅಲ್ಲೇ ಇತ್ತು.
ಹಾಜರಿ ಕೂಗಿದಾಗ ಮಾತ್ರ ಓಗೊಡುತ್ತಿರಲಿಲ್ಲ.

ಮಾಲೀಕರು ಕುರ್ಚಿ ಒರೆಸಿ ಕೊಟ್ಟರು. ಒಳ್ಳೆಯವರು.
"ಮಂಡಕ್ಕಿ ಏನ್ ಭಾರ ಮೇಡಂ? ಗಾಳಿ ಅದು.
ಕೂಸು ಬೇಕಾದ್ರೂ ಹೊರ್ತತಿ."
ನಿಜ. ಭತ್ತ ಭಾರ, ಕಾದ ಮರಳು ಭಾರ,
ಎದೆಯೊಳಗೆ ಇಳಿದ ಟೈರಿನ ಹೊಗೆ ಭಾರ.
ಉಬ್ಬಿದ ಮೇಲೆ ಎಲ್ಲಾ ಹಗುರ.

ತಟ್ಟೆ ಬಂತು: ಒಗ್ಗರಣೆ ಮಂಡಕ್ಕಿ, ಎರಡು ಮಿರ್ಚಿ.
ಇದನ್ನು ಬೇಡ ಅನ್ನುವುದನ್ನು ದಾವಣಗೆರೆಯಲ್ಲಿ ಯಾರೂ ಕಲಿಸಿಲ್ಲ.
ತಿಂದೆ.
ಹೆಬ್ಬೆರಳ ಎಣ್ಣೆ ಹಾಳೆಗೆ ಹತ್ತಿ
ವಯಸ್ಸಿನ ಮನೆ ತೆಳ್ಳಗಾಯಿತು,
ಕೆಳಗಿನ ಹಾಳೆಯ ಇನ್ಯಾರದೋ ಹೆಸರು ಕಾಣುವಷ್ಟು.

ಎಣ್ಣೆಯ ಮೇಲೆ ಪೆನ್ನು ಹಿಡಿಯಲಿಲ್ಲ.
ಪಕ್ಕದ ಅಂಚಿನಲ್ಲಿ ಬರೆದೆ: ಹನ್ನೊಂದು.

ಮುಬೀನಾ ಬಗ್ಗಿ ನೋಡಿದಳು,
ಕೂಲಿ ಎಣಿಸುವಾಗ ಕಡಿಮೆ ಬಿದ್ದ ಹಾಗೆ.
"ಹನ್ನೊಂದಾ? ಮತ್ತೆ ಆ ಮೂರ್ ವರ್ಷ ಎಲ್ಲಿ ಹೋದ್ವು ಟೀಚರ್?"

ಕಾರಣದ ಮನೆ ಇನ್ನೂ ಖಾಲಿ ಇತ್ತು.
ಚೀಲ ಆಗಲೇ ಎದ್ದು ಹೊರಟಿತ್ತು.