ಸ್ಥಳೀಯ ಹೆಸರು

ಬಿರುನಾಣಿಯಿಂದಾಚೆ ನಮ್ಮ ಎಸ್ಟೇಟಿಗೆ
ಮಳೆ ಬಿಟ್ಟ ಮೇಲೆ ಒಂದು ಫಾರಂ ಬಂತು.
ತಂದ ಹುಡುಗಿ ಪ್ಯಾಂಟು ಮೊಣಕಾಲಿಗೆ ಮಡಚಿ
ಮೂರು ದಿನ ತೊರೆಯಲ್ಲೇ ನಿಂತಿದ್ದಳು,
ಜಿಗಣೆಗಳಿಗೆ ಕಾಲು ಬಾಡಿಗೆ ಕೊಟ್ಟವಳ ಹಾಗೆ.

ಉದ್ದ: ಕಿರುಬೆರಳು.
ಬಣ್ಣ: ಬೆನ್ನು ಪಾಚಿಗಲ್ಲು, ಪಕ್ಕೆಗೊಂದು ಕಪ್ಪು ಗೀಟು,
ಬಾಲದ ಬುಡದಲ್ಲಿ ಹಣ್ಣುಕಾಫಿಯ ಕೆಂಪು.
ವಾಸ: ಮೇಲೆ ಅಬ್ಬಿ, ಅದನ್ನು ಹತ್ತಲಾರದು.
ಕೆಳಗೆ ಮೋರಿ, ಅಲ್ಲಿಂದಾಚೆ ನೀರು ಬೆಚ್ಚಗೆ, ಅದಕ್ಕೆ ಒಗ್ಗದು.
ನಡುವೆ ಎರಡು ಮೈಲಿ.
ಲೋಕದಲ್ಲಿ ಇನ್ನೆಲ್ಲೂ ಇಲ್ಲವಂತೆ.
ಇಷ್ಟನ್ನು ಅವಳೇ ತುಂಬಿಸಿದ್ದಳು.
ನನಗೆಂದು ಬಿಟ್ಟದ್ದು ಒಂದೇ ಮನೆ: ಸ್ಥಳೀಯ ಹೆಸರು.

ರೈಟರ್ ಅಲ್ಲವೇ ನಾನು, ಬರೆಯುವುದೇ ಕೆಲಸ.
ಮೂವತ್ತೊಂದು ವರ್ಷ ಹಾಜರಿ ಪುಸ್ತಕದಲ್ಲಿ
ಆಳು, ಮೂಟೆ, ಸುಣ್ಣ, ಮೈಲುತುತ್ತ;
ಮೀನಿಗೊಂದು ಸಾಲು ಎಳೆದವನಲ್ಲ.
ಲೈನ್‌ಮನೆಯ ಚುಬ್ರನನ್ನು ಕೇಳಿದೆ.
ಕೂಳಿ ಹೆಣೆಯುತ್ತಿದ್ದ, ತಲೆ ಎತ್ತಲಿಲ್ಲ.
'ಮೀನು' ಅಂದ.
ಮೀನು ಸರಿ ಮಾರಾಯ, ಹೆಸರು?
'ಮೀನೇ. ಕೆರೆಗೆ ನಿಮ್ಮ ದೊರೆ ಜಿಲೇಬಿ ತಂದು ಬಿಟ್ಟರು,
ಆಮೇಲೆ ಕಾಟ್ಲಾ. ಅವಕ್ಕೆ ಹೆಸರು ಬೇಕು, ಹೊರಗಿನವು.
ಮೊದಲಿಂದ ಇದ್ದದ್ದಕ್ಕೆ ಯಾರು ಹೆಸರಿಡುತ್ತಾರೆ?
ನಮ್ಮಜ್ಜಿಯನ್ನು ನಾವು ಅಜ್ಜಿ ಅಂದೆವು, ಅಷ್ಟೆ.'

ಪಲ್ಪರ್ ಶುರುವಾದ ವಾರ ಹೊಂಡದ ಕಟ್ಟೆ ಜರಿಯಿತು.
ರಾತ್ರಿಯೆಲ್ಲ ಸಿಪ್ಪೆನೀರು, ಲೋಳೆ, ಹುಳಿನಾತ;
ಬೆಳಗ್ಗೆ ನೋಡಿದರೆ ತೊರೆಯೇ ಹಾಲಿಲ್ಲದ ಕಾಫಿ.
ದೊರೆ ಹೇಳಿದರು: ಮಣ್ಣು ಹಾಕಿಸು, ಬರೆಯಬೇಡ.
ಎಂಟು ಆಳು ಹಾಕಿದೆ. 'ಕಟ್ಟೆ ರಿಪೇರಿ' ಎಂದು ಬರೆದೆ ಕೂಡ,
ಕೂಲಿ ಕೊಡಬೇಕಲ್ಲ.
ಮೋರಿಯ ಬಾಯಲ್ಲಿ ಸಿಲ್ವರ್ ಓಕಿನ ತರಗೆಲೆ ಜೊತೆ
ಅಂಗಾತ ತೇಲುತ್ತಿದ್ದವನ್ನು ಚುಬ್ರ
ಬೊಗಸೆಯಲ್ಲಿ ಎತ್ತಿ ಎತ್ತಿ ಕಲ್ಲಿನ ಮೇಲಿಟ್ಟ.
ಎಣಿಸು ಅಂದೆ.
'ಎಣಿಸಿದರೆ ಹಾಜರಿ ಹಾಕುತ್ತೀರಾ?' ಅಂದ.

ಹುಡುಗಿಯ ಫಾರಂ ಈಗಲೂ ನನ್ನ ಹತ್ತಿರವೇ ಇದೆ.
ಅಂಚೆಗೆ ಹಾಕಲು ಎರಡು ಸಲ ಶ್ರೀಮಂಗಲಕ್ಕೆ ಹೋದೆ,
ಎರಡು ಸಲವೂ ಜೇಬಲ್ಲೇ ವಾಪಸು ಬಂತು.

ನಿನ್ನೆ, ಹೂಮಳೆಗೆ ಇನ್ನೂ ತಿಂಗಳಿರುವಾಗ,
ಹೊಂಡಕ್ಕಿಂತ ಮೇಲೆ, ಅಬ್ಬಿಯ ಬುಡದಲ್ಲಿ
ಕಾಲು ಇಳಿಬಿಟ್ಟು ಕೂತೆ.
ಹಿಮ್ಮಡಿಯ ಬಿರುಕಿಗೆ ಏನೋ ಬಾಯಿ ಹಾಕಿತು,
ಒಮ್ಮೆ. ಸ್ವಲ್ಪ ಬಿಟ್ಟು ಇನ್ನೊಮ್ಮೆ.
ಎಲೆಯೂ ಇರಬಹುದು.
ಬಗ್ಗಿ ನೋಡಲಿಲ್ಲ ನಾನು.
ಜೋಮು ಹಿಡಿದರೂ
ಕಾಲು ಎತ್ತಲಿಲ್ಲ.